ಮುಳ್ಳಿನ ಟೋಪಿ

ಪೀಣ್ಯದಲ್ಲಿ ಗುಂಡುಸೂಜಿ ಬಿದ್ದರೆ ಜಾಲಹಳ್ಳಿಯ ಮನೆಯಲ್ಲಿ ಕೂತ ನನ್ನ ಎಡಗಿವಿಗೆ ಕೇಳುತ್ತದೆ. ಅದು ಸ್ಟೀಲಿನದೋ ಹಿತ್ತಾಳೆಯದೋ ಎಂಬುದನ್ನು ಬಲಗಿವಿ ಹೇಳುತ್ತದೆ. ಮೂವತ್ತೊಂದು ವರ್ಷ ತಗಡು ಬಡಿಯುವ ಪವರ್ ಪ್ರೆಸ್ ಮುಂದೆ ನಿಂತು ಪಳಗಿದ ಕಿವಿಗಳಿವು. ಮೆಷಿನ್ನಿಗೆ ನಾಳೆ ಬರುವ ಜ್ವರ ನನಗೆ ಇವತ್ತೇ ತಿಳಿಯುತ್ತಿತ್ತು.

ಇಂಥ ಮುನಿಕೃಷ್ಣನ ಹೆಂಡತಿ ಯಮುನಾ ಹಾಡು ಕೇಳಲು ಪಕ್ಕದ ಮನೆಗೆ ಹೋಗುವುದೆಂದರೇನು?

ಪಕ್ಕದ ಮನೆಯ ನರಸಿಂಹಯ್ಯ ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದವರು. ಅಲ್ಲಿ ಕೆಲಸಗಾರರ ಕಿವಿಗೆ ಮುಚ್ಚಳ ಕೊಡುತ್ತಿದ್ದರಂತೆ, ನಾಜೂಕು ಜನ. ಯುಗಾದಿಗೆ ಅವರು ಟರ್ನ್‌ಟೇಬಲ್ ತಂದರು, ಗ್ರಾಮಫೋನ್ ಪ್ಲೇಟಿನ ಮೇಲೆ ಮುಳ್ಳು ಇಟ್ಟು ಹಾಡು ಕೇಳುವ ಯಂತ್ರ. ಅಂದಿನಿಂದ ಭಾನುವಾರ ಸಂಜೆಯಾದರೆ ಯಮುನಾ ಅಲ್ಲಿ. ಹಿಂತಿರುಗುವಾಗಲೂ ಅವಳ ತುಟಿ ಅಲ್ಲಾಡುತ್ತಿರುತ್ತದೆ.

"ಅವ್ರ ಮುಳ್ಳು ಪ್ಲೇಟಿನ ಮೇಲೆ ಎಷ್ಟು ಮೆತ್ತಗೆ ಕೂರತ್ತೆ ಗೊತ್ತೇನ್ರೀ?" ಎಂದಳು ಒಂದು ದಿನ.

ಆ ಮುಳ್ಳು ನನ್ನ ಎದೆಯಲ್ಲಿ ಕೂತಿತು. ನನ್ನ ಹೊಟ್ಟೆಯುರಿಯಲ್ಲಿ ಇಡೀ ಪೀಣ್ಯಕ್ಕೆ ಅನ್ನ ಬೇಯಿಸಬಹುದಿತ್ತು. ಮರುದಿನವೇ ಯಮುನಾಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಮಹದೇವಪುರದ ಅಂಗಡಿಗೆ ಹೋದೆ.

"ಎಂಥದು ಬೇಕು ಸಾರ್?" ಅಂಗಡಿಯ ಹುಡುಗಿ ದಾನೇಶ್ವರಿ ಕೇಳಿದಳು.

"ನರಸಿಂಹಯ್ಯಂಗಿಂತ ಒಂದು ಕೈ ಮೇಲಿರ್ಬೇಕು."

"ಅದ್ಯಾವ ಕಂಪನಿ ಸಾರ್?"

"ಪಕ್ಕದ್ಮನೆ ಕಣಮ್ಮ," ಎಂದಳು ಯಮುನಾ.

ದಾನೇಶ್ವರಿ ನಗು ನುಂಗಿಕೊಂಡಳು. "ತೀರಾ ಅಗ್ಗದ್ದು ಪ್ಲೇಟನ್ನೇ ಕೆರೆದು ತಿನ್ನತ್ತೆ ಸಾರ್. ದುಬಾರೀದು ಮನೇಲಿ ಕೇಳೋಕೆ ಬೇಡ. ಮಧ್ಯದ್ದು ತಗೊಳಿ. ಮುಳ್ಳು ಹೊತ್ತಿರೋ ಈ ಕೈ ಹಿಂದೆ ತೂಕದ ಗುಂಡಿದೆ ನೋಡಿ, ಮುಳ್ಳಿನ ಭಾರ ಎರಡು ಗ್ರಾಂಗೆ ಇಟ್ಕೋಬಹುದು. ಕಾರ್ಟ್ರಿಜ್ ನಾಳೆ ಬದಲಾಯಿಸ್ಬಹುದು, ಕೈ ಬದಲಾಯಿಸೋಕಾಗಲ್ಲ."

ಕಾರ್ಟ್ರಿಜ್ ಎಂದರೆ ಕೈಯ ತುದಿಯಲ್ಲಿ ಮುಳ್ಳನ್ನು ಹಿಡಿದಿರುವ ಪುಟ್ಟ ಡಬ್ಬಿ. ಅವಳು ಎರಡು ತೋರಿಸಿದಳು: ಒಂದರ ಮುಳ್ಳಿನ ತುದಿ ದುಂಡು, ನರಸಿಂಹಯ್ಯನವರ ಮುಳ್ಳಿನ ಹಾಗೆ, ಇನ್ನೊಂದರದು ಮೊಟ್ಟೆಯಾಕಾರ. ಒಂದೇ ಪ್ಲೇಟನ್ನು ಎರಡರಲ್ಲೂ ಹಾಕಿದಳು.

"ಎರಡನೇದು," ಎಂದೆ ತಡಮಾಡದೆ. "ಮೊದಲನೇದ್ರಲ್ಲಿ ಪಿಟೀಲಿನವನಿಗೆ ನೆಗಡಿ ಆಗಿದೆ."

"ಸಾರ್ ಕಿವಿ ಸಕ್ಕತ್ ಶಾರ್ಪು," ಎಂದಳು ದಾನೇಶ್ವರಿ. ಯಮುನಾ ನನ್ನನ್ನೇ ನೋಡಿದಳು.

ಭಾನುವಾರ ನರಸಿಂಹಯ್ಯನವರನ್ನು ಕಾಫಿಗೆ ಕರೆದೆ. ಪ್ಲೇಟು ತಿರುಗಿಸಿ, ಕೈಯನ್ನು ಇಳಿಸಿ, ಕಣ್ಣು ಮುಚ್ಚಿ ತಲೆದೂಗಿದೆ. ತೊಡೆಯ ಮೇಲೆ ತಾಳ ಹಾಕಿದೆ. "ಕೇಳಿ ನರಸಿಂಹಯ್ಯನೋರೇ, ಆ ಪಿಟೀಲು ಕೇಳಿ. ನಿಮ್ಮ ದುಂಡು ಮುಳ್ಳಲ್ಲಿ ಇದು ಸಿಕ್ಕತ್ತಾ?"

ಯಾರೋ ಭುಜ ಹಿಡಿದು ಅಲ್ಲಾಡಿಸಿದರು. ಕಣ್ಣು ಬಿಟ್ಟರೆ ಎದುರಿಗೆ ಯಮುನಾ. ನರಸಿಂಹಯ್ಯ ಫ್ಯಾನು ನೋಡುತ್ತಿದ್ದರು.

"ರೀ, ಮುಳ್ಳಿನ ಟೋಪಿ ತೆಗ್ದಿಲ್ಲ."

ಮುಳ್ಳು ಮುರಿಯದಿರಲೆಂದು ತೊಡಿಸಿದ್ದ ಪ್ಲಾಸ್ಟಿಕ್ ಮುಚ್ಚಳ ಹಾಗೇ ಇತ್ತು. ಮುಳ್ಳು ಪ್ಲೇಟನ್ನು ಮುಟ್ಟಿಯೇ ಇರಲಿಲ್ಲ.

"ತಾಳ ಮಾತ್ರ ಚೆನ್ನಾಗಿತ್ತು ಕಣಯ್ಯ," ಎಂದು ನರಸಿಂಹಯ್ಯ ಕಾಫಿ ಮುಗಿಸಿ ಎದ್ದುಹೋದರು.

ಯಮುನಾ ನನ್ನೆದುರು ಕೂತಳು. "ಅಂಗಡೀಲಿ ಹೆಂಗ್ರೀ ಆರಿಸಿದ್ರಿ?"

"ನಿನ್ನ ಬೆರಳು ನೋಡ್ಕೊಂಡು. ಮೊದಲನೇದಕ್ಕೆ ಸುಮ್ನಿತ್ತು. ಎರಡನೇದಕ್ಕೆ ತಾಳ ಹಾಕ್ತು."

"ಕರೆದ್ರೆ ಓಗೊಡಲ್ಲ, ಜಂಬ ಅಂದ್ಕೊಂಡಿದ್ದೆ ನಾನು."

"ಹಂಗೇ ಅಂದ್ಕೊಳ್ಲಿ ಅಂತ ಬಿಟ್ಟೆ. ಮಾತಾದ್ರೆ ಮುಖ ನೋಡಿ ತಿಳ್ಕೋತೀನಿ, ಹಾಡಿಗೆ ಮುಖ ಇಲ್ಲ. ಅವ್ರ ಮೆಷಿನ್ ಮೇಲೆ ಹೊಟ್ಟೆಕಿಚ್ಚಲ್ಲ ಕಣೇ. ನೀನು ಅಲ್ಲಿಂದ ಗುನುಗ್ಕೊಂಡು ಬರ್ತೀಯಲ್ಲ, ಅದು ಅವ್ರಿಗೆ ಕೇಳ್ಸತ್ತೆ, ನಂಗೆ ಕೇಳ್ಸಲ್ಲ."

ಗುಂಡುಸೂಜಿಯ ಮಾತು ಸುಳ್ಳು. ಕೊನೆಯ ಆರು ವರ್ಷ, ಪ್ರೆಸ್ ಬಡಿಯುತ್ತಿದೆಯೆಂದು ನನಗೆ ತಿಳಿಯುತ್ತಿದ್ದದ್ದು ಕಾಲಡಿಯ ನೆಲ ಅದುರಿದಾಗ ಮಾತ್ರ.