ಧರ್ಮಣ್ಣನ ಮೂಗು, ಹತ್ತು ಡಬ್ಬಿ

ವಿಜಯಪುರದ ಧರ್ಮಣ್ಣನ ಮೂಗಿಗೆ ಅರಬ್ಬೀ ಸಮುದ್ರವೂ ಅಡ್ಡ ಬರುತ್ತಿರಲಿಲ್ಲ. ಮುಂಬೈಯ ಆಂಟಾಪ್ ಹಿಲ್‌ನ ತನ್ನ ಖೋಲಿಯಲ್ಲಿ ಕೂತು ಒಂದು ಸಲ ಗಾಳಿ ಎಳೆದರೆ ಸಾಕು, ದುಬೈಯಲ್ಲಿ ಯಾರ ಮನೆಯ ಹಾಲು ಉಕ್ಕಿತು, ಆ ಹಾಲು ಆಕಳದೋ ಎಮ್ಮೆಯದೋ ಎಂದು ಹೇಳಿಬಿಡುತ್ತಿದ್ದ. ಒಮ್ಮೆ ಅವನು ಸೀನಿದ ಹೊಡೆತಕ್ಕೆ ಹಾರ್ಬರ್ ಲೈನಿನ ಲೋಕಲ್ ರೈಲು ಹನ್ನೆರಡು ನಿಮಿಷ ನಿಂತಿತ್ತು. ಮೋಟರ್‌ಮ್ಯಾನ್ ಇಳಿದು ಬಂದು ಆರೋಗ್ಯ ವಿಚಾರಿಸಿದನಂತೆ. ಇದನ್ನೆಲ್ಲ ಧರ್ಮಣ್ಣನೇ ಹೇಳಿದ್ದು. ಅವನಿಗಿಂತ ದೊಡ್ಡ ಸಾಕ್ಷಿ ಎಲ್ಲಿಂದ ತರುವುದು?

ಇಂಥ ಮೂಗು ಕೆಲಸ ಮಾಡುತ್ತಿದ್ದದ್ದು ಭುವನೇಶ್ವರಿಯ ಶೇಂಗಾ ಚಟ್ನಿಯ ಕಾರ್ಖಾನೆಯಲ್ಲಿ. ಕಾರ್ಖಾನೆ ಎಂದರೆ ಬಿಲ್ಡಿಂಗಿನ ಕೆಳಗಿನ ಎರಡು ಕೋಣೆ, ನಾಲ್ಕು ಬಾಣಲೆ, ಒಂದು ಗಿರಣಿ, ಒಂಬತ್ತು ಜನ ಹೆಂಗಸರು. ಅಲ್ಲಿಯ ಚಟ್ನಿಪುಡಿ ಮಾಟುಂಗದ ಅಂಗಡಿಗಳಿಗೆ ಹೋಗುತ್ತಿತ್ತು. ಶೇಂಗಾ ಚೀಲ ಬಂದಾಗ ಧರ್ಮಣ್ಣನ ಹೆಂಡತಿ ದೇವಕ್ಕ ಅದರ ಹೊಲಿಗೆ ಬಿಚ್ಚುತ್ತಿದ್ದಳು. ಧರ್ಮಣ್ಣ ಬಗ್ಗಿ, ಕಣ್ಣು ಮುಚ್ಚಿ, ದೇವರ ಆರತಿ ತೆಗೆದುಕೊಳ್ಳುವವನ ಹಾಗೆ ಉಸಿರೆಳೆದು ಎದ್ದು ನಿಂತು ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದ. ಗೆರೆ ಎಂದರೆ ಒಳ್ಳೆಯ ಚೀಲ, ಗುಣಾಕಾರದ ಗುರುತು ಎಂದರೆ ಮುಗ್ಗಿದ ಚೀಲ. ಮುಗ್ಗಿದ ಶೇಂಗಾದ ಬೂಷ್ಟು ಲಿವರಿಗೆ ವಿಷ. ಅದನ್ನು ಹುರಿದು, ಖಾರ ಬೆರೆಸಿ, ಪುಡಿ ಮಾಡಿದ ಮೇಲೆ ಯಾವ ಮೂಗಿಗೂ ಸಿಗುವುದಿಲ್ಲ.

ಆ ಶನಿವಾರ ಮಧ್ಯಾಹ್ನ ಭುವನೇಶ್ವರಿಯ ಮುಖದಲ್ಲಿ ನಗು ಇರಲಿಲ್ಲ. ಚೆಂಬೂರಿನ ಒಂದು ಹಾಸ್ಟೆಲ್ಲಿನವರು ನಾನೂರು ಹುಡುಗಿಯರಿಗೆ ದಿನಾ ಚಟ್ನಿ ಕೇಳಿದ್ದರು. ಸೋಮವಾರದಿಂದ ಶುರು. ಆದರೆ ಹಿಂದಿನ ವಾರವಷ್ಟೇ ಮಾಟುಂಗದಿಂದ ಒಂದು ಪಾರ್ಸೆಲ್ ವಾಪಸ್ ಬಂದಿತ್ತು, 'ಕಹಿ' ಎಂದು ಬರೆಸಿಕೊಂಡು.

"ಧರ್ಮಣ್ಣ, ಸಿಟ್ಟ ಮಾಡ್ಕೋಬ್ಯಾಡ್ರಿ," ಎಂದಳು ಭುವನೇಶ್ವರಿ. "ನಾನೂರ ಹುಡುಗ್ಯಾರ ಹೊಟ್ಟಿ ಪ್ರಶ್ನಿ. ನಿಮ್ಮ ಮೂಗು ಒಮ್ಮೆ ಪರೀಕ್ಷಾ ಆಗಲಿ. ಪಾಸಾದ್ರ ಚೀಲ ಬರೋ ಬಾಗಿಲಿಗೆ ನೀವೇ ರಾಜಾ. ಇಲ್ಲಂದ್ರ ನಾ ಬ್ಯಾರೆ ಯಾರನ್ನರ ನೋಡಬೇಕಾಗ್ತೈತಿ."

ಬಾಣಲೆಯ ಸೌಟುಗಳು ನಿಂತವು. ಧರ್ಮಣ್ಣನ ಮೀಸೆ ಮಾತ್ರ ಅಲುಗಿತು.

"ನನಗ ಪರೀಕ್ಷಾ? ಭುವಕ್ಕಾ, ಲೆಕ್ಕದ ಬುಕ್ಕ ತಗಸ್ರಿ. ಹ್ವಾದ ಮೂರ ತಿಂಗಳದಾಗ ನೂರ ಚೀಲ ನೋಡೇನಿ. ತೊಂಬತ್ತೈದು ಬರೋಬ್ಬರಿ! ಡಾಕ್ಟರ್‌ಗೂ ನೂರಕ್ಕ ತೊಂಬತ್ತೈದು ಬರಂಗಿಲ್ಲ."

ಭುವನೇಶ್ವರಿಯ ಮಗಳು ನೇತ್ರಾ ಬುಕ್ಕನ್ನು ಆಗಲೇ ತೆಗೆದಿದ್ದಳು. ಸಂಖ್ಯಾಶಾಸ್ತ್ರದ ಬಿ.ಎಸ್ಸಿ ಎರಡನೇ ವರ್ಷ. ಕನ್ನಡ ಮಾತಾಡುವಾಗ ಹೊಸ್ತಿಲು ದಾಟುವ ಮಗುವಿನ ಹಾಗೆ ತಡವರಿಸುತ್ತಿದ್ದಳು, ಅಂಕಿ ಬಂದರೆ ಮಾತ್ರ ಓಡುತ್ತಿದ್ದಳು.

"ಕಾಕಾ, ನೂರ್ ಚೀಲದಲ್ಲಿ ಖರಾಬ್ ಎಷ್ಟಿತ್ತು?"

"ಐದು."

"ನೀವು ನೂರಕ್ಕೆ ನೂರೂ ಅಚ್ಛಾ ಅಂತ ಗೆರೆ ಹಾಕಿದ್ದೀರಿ. ಐದು ಖರಾಬ್ ಇತ್ತಲ್ಲ, ಒಂದೂ ಹಿಡೀಲಿಲ್ಲ. ಬಾಗ್ಲಲ್ಲಿ ಇರೋ ಆ ಕಲ್ಲು ಇದೆಯಲ್ಲ, ಅದೂ ಏನೂ ಹೇಳದೆ ನೂರಕ್ಕೆ ತೊಂಬತ್ತೈದು ತಗೊಳ್ಳತ್ತೆ."

ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಧರ್ಮಣ್ಣ ಬಾಗಿಲಿಗೆ ಒರಗಿಸಿದ್ದ ಕಲ್ಲನ್ನು ಶತ್ರುವಿನಂತೆ ನೋಡಿದ.

"ಆ ಮೂರ ತಿಂಗಳ ನಂಗ ಥಂಡಿ ಹಿಡದಿತ್ತು," ಎಂದ.

"ಆ ಮೂರ್ ತಿಂಗಳು ದೇವಕ್ಕ ಕಾಕು ಊರಲ್ಲಿದ್ರು, ಅಲ್ವಾ? ಮಗಳ ಬಾಣಂತನಕ್ಕೆ?"

"ಹೌದು. ಅದಕ್ಕೂ ನನ್ನ ಮೂಗಿಗೂ ಏನ ಸಂಬಂಧ?" ಧರ್ಮಣ್ಣನ ದನಿ ಒಂದು ಮೆಟ್ಟಿಲು ಏರಿತು. ದೇವಕ್ಕ ಚೀಲದ ದಾರ ಸುತ್ತುತ್ತ ತಲೆ ಎತ್ತಲಿಲ್ಲ.

ನೇತ್ರಾ ಒಳಕೋಣೆಗೆ ಹೋದಳು. ಹಳೆಯ ಕೆಲಸದವಳು ಶೀಲಾವತಿಯೂ ಹೋದಳು. ಒಂದೊಂದು ಡಬ್ಬಿಗೂ ನಾಣ್ಯ ಚಿಮ್ಮಿದ ಸದ್ದು ಕೇಳಿಸಿತು. ಮೇಲೆ ಬಿದ್ದದ್ದು ಸಿಂಹವಾದರೆ ಒಳ್ಳೆಯ ಶೇಂಗಾ, ಅಂಕಿಯಾದರೆ ಮುಗ್ಗಿದ್ದು. ಹತ್ತು ಸ್ಟೀಲ್ ಡಬ್ಬಿಗಳ ಬಾಯಿಗೆ ತೆಳು ಬಟ್ಟೆ ಕಟ್ಟಿ, ಮೇಲೆ ಮುಚ್ಚಳ ಹಾಕಿ ಹೊರಗೆ ಸಾಲಾಗಿ ಇಟ್ಟರು. ತುಂಬಿದ್ದು ಶೀಲಾವತಿ, ನೇತ್ರಾ ನೋಡಿರಲಿಲ್ಲ; ಯಾವುದರಲ್ಲಿ ಏನಿದೆ ಎಂಬ ಚೀಟಿ ಶೀಲಾವತಿಯ ಮುಷ್ಟಿಯಲ್ಲಿತ್ತು.

"ಮಾನ್ ಲೋ, ಅಂದ್ರೆ ಹೀಗಂದ್ಕೊಳ್ಳಿ, ಧರ್ಮಕಾಕಾನ ಮೂಗು ಕೆಲ್ಸಾನೇ ಮಾಡಲ್ಲ," ಎಂದಳು ನೇತ್ರಾ. "ಬರೀ ಅಂದಾಜ್. ನಾವು ಇಲ್ಲಿಂದ ಶುರು ಮಾಡೋದು."

"ತಪ್ಪ ಮಾಡೂಕಿಂತ ಮೊದಲ ಜೈಲಿಗೆ ಹಾಕ್ತೀಯೇನವಾ?"

"ಉಲ್ಟಾ, ಕಾಕಾ. ನಿಮ್ಮ ಮೂಗಿಗೆ ಶಕ್ತಿ ಇದೆ ಅಂತ ನೀವೇ ಹೇಳ್ತಿರೋದು. ಸಬೂತು ಬರೋವರೆಗೂ ಇಲ್ಲ ಅಂತ್ಲೇ ಲೆಕ್ಕ. ಬರೀ ಅಂದಾಜಲ್ಲಿ ಹತ್ತಕ್ಕೆ ಒಂಬತ್ತೋ ಹತ್ತೋ ಸರಿ ಬರೋದು ನೂರು ಸಲ ಆಡಿದ್ರೆ ಒಂದು ಸಲ. ಅಷ್ಟು ಬಂದ್ರೆ ನಾನು ಒಪ್ತೀನಿ, ಇದು ಅಂದಾಜಲ್ಲ, ಮೂಗೇ ಅಂತ."

"ಏಳಕ್ಕ ಮುಗಸೋಣಲ್ಲ. ಏಳೂ ಛಲೋ ಅಂಕಿನ."

"ಏಳು ಅಂದ್ರೆ ಮೂಗೇ ಇಲ್ದೋರು ಆರು ಜನ ಬಂದ್ರೂ ಅವರಲ್ಲಿ ಒಬ್ಬರು ಪಾಸಾಗ್ತಾರೆ. ನಾನೂರು ಹುಡ್ಗೀರು ಇದಾರೆ, ಕಾಕಾ." ನೇತ್ರಾ ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಗೆ 'ಒಂಬತ್ತು' ಎಂದು ಬರೆದಳು. "ಆಟಕ್ಕೆ ಮೊದ್ಲೇ ಬರೀಬೇಕು. ಆಮೇಲೆ ಬದಲಾಯ್ಸೋ ಹಾಗಿಲ್ಲ."

ಕ್ಯಾಲೆಂಡರಿನ ಮೇಲಿನ ಆ ಅಂಕಿ ಧರ್ಮಣ್ಣನಿಗೆ ಬಿಲ್ಡಿಂಗಿನಷ್ಟು ಎತ್ತರ ಕಂಡಿತು.

"ಮುಚ್ಚಳ ಯಾರು ತೆಗೀತಾರೆ?" ಎಂದಳು ನೇತ್ರಾ.

"ಯಾವತ್ತೂ ಅಕಿನ ಬಿಚ್ಚೂದು," ಎಂದ ಧರ್ಮಣ್ಣ, ತುಸು ಅವಸರದಿಂದಲೇ. ದೇವಕ್ಕ ಬಂದು ಎದುರು ಕೂತಳು.

ಮೊದಲ ಮುಚ್ಚಳ ತೆಗೆದಳು. ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡಳು. ಧರ್ಮಣ್ಣ ಬಗ್ಗಿ ದೀರ್ಘವಾಗಿ ಎಳೆದ. ಎಷ್ಟು ದೀರ್ಘವೆಂದರೆ ಮೇಲಿನ ಫ್ಯಾನ್ ತಿರುಗುವುದನ್ನು ಮರೆತಿತು. "ಒಳ್ಳೇದು."

"ಬರೋಬ್ಬರಿ," ಎಂದಳು ಶೀಲಾವತಿ.

ಎರಡನೆಯದು. ದೇವಕ್ಕನ ಸೆರಗು ಹೆಗಲಿಗೆ ಜಾರಿತು. "ಮುಗ್ಗ್ಯದ."

"ಬರೋಬ್ಬರಿ."

ಮೂರು, ನಾಲ್ಕು, ಐದು, ಆರು. ಎಲ್ಲವೂ ಬರೋಬ್ಬರಿ. ನಾಲ್ಕು ಜನರೆದುರು ಹೆಣ್ಣುಮಗಳು ಸೆರಗು ಏರಿಸಿದರೂ, ಅದು ಜಾರಿದರೂ ಯಾರು ನೋಡುತ್ತಾರೆ? ಹೆಂಗಸರು ಬಾಣಲೆ ಬಿಟ್ಟು ಸುತ್ತುಗಟ್ಟಿದರು. ಏಳನೆಯದೂ ಸರಿ ಬಂದಾಗ ಭುವನೇಶ್ವರಿ ಮೊದಲ ಸಲ ಉಸಿರು ಬಿಟ್ಟಳು. ಧರ್ಮಣ್ಣ ಮೀಸೆ ತಿರುವಿದ: "ಇನ್ನ ಎರಡ ಬಂದ್ರ ಸಾಕು. ಕಣ್ಣ ಕಟ್ಟಿ ಮಾಡ್ಲ್ಯಾ?"

ನೇತ್ರಾ ನಗಲಿಲ್ಲ. ಅವಳು ಡಬ್ಬಿ ನೋಡುತ್ತಿರಲಿಲ್ಲ, ದೇವಕ್ಕನನ್ನು ನೋಡುತ್ತಿದ್ದಳು.

"ಕಾಕು, ನೀವು ಹೊರಗೆ ಕಟ್ಟೆ ಮೇಲೆ ಕೂತ್ಕೊಳ್ಳಿ. ಉಳಿದ ಮೂರು ನಾನೇ ತೆಗೀತೀನಿ. ನಂಗೆ ಬೆಳಿಗ್ಗೆಯಿಂದ ನೆಗಡಿ, ಯಾವ ವಾಸನೇನೂ ಗೊತ್ತಾಗಲ್ಲ."

ದೇವಕ್ಕ ಗಂಡನ ಮುಖ ನೋಡಿದಳು, ಎದ್ದಳು, ಹೋದಳು. ಧರ್ಮಣ್ಣನ ಬೆನ್ನ ಮೇಲೆ ಕೃಷ್ಣಾ ನದಿಗೆ ನೆರೆ ಬಂದಷ್ಟು ಬೆವರು ಬಂತು.

ಎಂಟನೆಯ ಮುಚ್ಚಳ ತೆರೆಯಿತು. ಅವನು ಬಗ್ಗಿ ಎಳೆದ, ಮತ್ತೆ ಎಳೆದ. ನೇತ್ರಾಳ ಮುಖ ಗೋಡೆಯಾಗಿತ್ತು. "ಮುಗ್ಗ್ಯದ," ಎಂದ, ಕತ್ತಲಲ್ಲಿ ಮೆಟ್ಟಿಲಿಗೆ ಕಾಲು ಇಡುವವನಂತೆ.

"ಬರೋಬ್ಬರಿ."

ಎಂಟಾಯಿತು. ಇನ್ನು ಒಂದೇ ಒಂದು ಬೇಕು, ಎರಡು ಅವಕಾಶ. ಒಂಬತ್ತನೆಯ ಡಬ್ಬಿಗೆ ಅವನು ಹಣೆ ತಾಗುವಷ್ಟು ಬಗ್ಗಿದ. "ಒಳ್ಳೇದು."

ಶೀಲಾವತಿ ಚೀಟಿಯನ್ನು ಎರಡು ಸಲ ನೋಡಿದಳು. "ಇಲ್ಲ. ಮುಗ್ಗಿದ್ದು."

ಭುವನೇಶ್ವರಿ ಒಂದು ಹೆಜ್ಜೆ ಮುಂದೆ ಬಂದಳು. ಉಳಿದದ್ದು ಒಂದು ಡಬ್ಬಿ, ಅರ್ಧಕ್ಕರ್ಧ. ಒಂದು ನಾಣ್ಯ ಗಾಳಿಯಲ್ಲಿ ತಿರುಗುತ್ತಿದೆ, ಅದರ ಕೆಳಗೆ ತನ್ನ ಬಾಗಿಲು, ತನ್ನ ಸೀಮೆಸುಣ್ಣ, ತನ್ನ ಹೆಸರು ನಿಂತಿವೆ ಎಂದು ಧರ್ಮಣ್ಣನಿಗೆ ಅನಿಸಿತು. ನಾನೂರು ಹುಡುಗಿಯರು ತಟ್ಟೆ ಹಿಡಿದು ಸಾಲು ನಿಂತದ್ದೂ ಯಾಕೋ ಕಣ್ಣಿಗೆ ಬಂತು. ಅದನ್ನು ತಲೆ ಕೊಡವಿ ಓಡಿಸಿದ.

ನೇತ್ರಾ ಸಾಲಿನಲ್ಲಿದ್ದ ಕೊನೆಯ ಡಬ್ಬಿಯನ್ನು ಸರಿಸಿ, ಹಿಂದಿನ ಕಪಾಟಿನಿಂದ ಇನ್ನೊಂದನ್ನು ತೆಗೆದು ಮುಂದಿಟ್ಟಳು. ಆಗಲೇ ಕಣ್ಣು ಮುಚ್ಚಿ ಬಗ್ಗಿದ್ದ ಧರ್ಮಣ್ಣ ಅದನ್ನು ನೋಡಲಿಲ್ಲ. ಮುಚ್ಚಳ ತೆರೆಯಿತು.

ಅವನು ಎದೆ ತುಂಬ ಎಳೆದ. ಹಿಂದಿನ ನೂರು ಚೀಲಗಳಲ್ಲಿ ತೊಂಬತ್ತೈದು ಒಳ್ಳೆಯವೇ ಅಲ್ಲವೇ? ಅದೇ ನೆನಪಾಯಿತು. ನಾಣ್ಯಕ್ಕೆ ಆ ಲೆಕ್ಕ ಗೊತ್ತಿಲ್ಲವೆಂಬುದು ನೆನಪಾಗಲಿಲ್ಲ.

"ಒಳ್ಳೇದು!" ಎಂದ, ಇಡೀ ಬಿಲ್ಡಿಂಗಿಗೆ ಕೇಳುವಂತೆ. "ಕೆಂಪ ಶೇಂಗಾ. ನಮ್ಮ ಕಡೀದು. ಮೊದಲನೇ ಮಳಿಗೆ ಬಿತ್ತಿದ್ದು!"

ಧರ್ಮಣ್ಣ ತಲೆ ಎತ್ತಿ ನೋಡಿದ. ಹೆಂಗಸರೆಲ್ಲ ಮೂಗಿಗೆ ಸೆರಗು ಒತ್ತಿಕೊಂಡಿದ್ದರು. ಭುವನೇಶ್ವರಿಯ ಕಣ್ಣಲ್ಲಿ ನೀರು ಬಂದಿತ್ತು. ನೇತ್ರಾ ಬಟ್ಟೆ ಬಿಚ್ಚಿದಳು. ಒಳಗಿದ್ದದ್ದು ಮುಷ್ಟಿಯಷ್ಟು ಗಟ್ಟಿ ಇಂಗು.

"ಸಾರಿ, ಕಾಕಾ," ಎಂದಳು ಮೆಲ್ಲಗೆ. "ಇದು ಆಟದ ಲೆಕ್ಕಕ್ಕೆ ಇಲ್ಲ. ನಂಗೆ ಗೊತ್ತಾಗಬೇಕಿತ್ತು, ಅಷ್ಟೇ."

"ಇಂಗಿನಾಗೂ..." ಎಂದು ಧರ್ಮಣ್ಣ ಶುರು ಮಾಡಿದ. ಇಂಗಿನ ಬಗ್ಗೆ ಅವನ ಹತ್ತಿರ ಒಂದು ಕಥೆ ಇತ್ತು, ಅಫಘಾನಿಸ್ತಾನದಿಂದ ನಡೆದು ಬಂದದ್ದು. ಅದನ್ನು ಅಲ್ಲಿಗೇ ಬಿಟ್ಟ. ಬಾಗಿಲಲ್ಲಿ ದೇವಕ್ಕ ನಿಂತಿದ್ದಳು.

ಅವನು ಶೇಂಗಾ ಚೀಲದ ಮೇಲೆ ಕೂತ.

"ಭುವಕ್ಕಾ, ವಾಸನಿ ಹೋಗಿ ನಾಕ ವರ್ಷ ಆತ್ರಿ. ಆ ದೊಡ್ಡ ರೋಗದಾಗ ಜ್ವರ ಬಂದಿತ್ತಲ್ಲ, ಆವಾಗ ಹೋದದ್ದು ಹೊಳ್ಳಿ ಬರಲಿಲ್ಲ. ಇವತ್ತ ಬಂದೀತು, ನಾಳೆ ಬಂದೀತು ಅನಕೋತ ಕುಂತೆ. ಚೀಲ ಬಿಚ್ಚಿದಕಿಗೆ ಮೊದಲ ವಾಸನಿ ಬರ್ತೈತಿ. ಸೆರಗ ತಲಿ ಮ್ಯಾಲಿದ್ರ ಒಳ್ಳೇದು, ಜಾರಿದ್ರ ಮುಗ್ಗ್ಯದ. ಗುರುತ ನಂದು, ಮೂಗು ಅಕೀದು."

"ಮತ್ತ ದುಬೈ ಹಾಲು?" ಎಂದಳು ಶೀಲಾವತಿ.

"ನಮ್ಮ ಒಲಿ ಮ್ಯಾಲ ಹಾಲ ಉಕ್ಕಿದ್ರೂ ಗೊತ್ತಾಗಂಗಿಲ್ಲವಾ."

"ಹಾರ್ಬರ್ ಲೈನಿನ ಗಾಡಿ?"

"ಸಿಗ್ನಲ್ ಕೆಟ್ಟಿತ್ತು. ಗಾಡಿ ನಿಂತ ಮ್ಯಾಲ ನಾ ಸೀನಿದ್ದು." ಧರ್ಮಣ್ಣ ಕಿಸೆಯಿಂದ ಸೀಮೆಸುಣ್ಣದ ತುಂಡು ತೆಗೆದು ದೇವಕ್ಕನ ಕಡೆ ಚಾಚಿದ. "ಅಕಿ ಊರಿಗೆ ಹ್ವಾದಾಗ ಹೇಳಬೇಕಿತ್ತು. ಆ ಕಹಿ ಪಾರ್ಸೆಲ್ ನಂದ ತಪ್ಪು. ಹುಡುಗ್ಯಾರ ತಾಟಿಗೆ ನನ್ನ ಗೆರಿ ಬ್ಯಾಡ್ರಿ."