ತಂಪು ಹೆಚ್ಚಾದ ದಿನ

ನಾನು ಒಂದು ಪುಟ್ಟ ಗಾಜಿನ ಬಾಟಲಿ. ಕಾರ್ಖಾನೆಯಲ್ಲಿ ನನ್ನ ಹೊಟ್ಟೆಗೆ ತುಂಬಿದ್ದು ಹಾಲು ಬೆರೆಸಿದ ನೀರಿನಂಥ ಲಸಿಕೆ. ಅದರಲ್ಲಿ ಕಾಮಾಲೆ ವೈರಸ್ಸಿನ ಹೊರಚಿಪ್ಪಿನ ಚೂರುಗಳಿದ್ದವು, ಅಷ್ಟೇ. ಹಸುಗೂಸಿನ ಮೈಗೆ ಯಾರು ತನ್ನವರು, ಯಾರು ಪರರು ಎಂಬುದು ಇನ್ನೂ ಗೊತ್ತಿರುವುದಿಲ್ಲ. ಹಾಗೆಂದು ಅದು ದಡ್ಡೇನಲ್ಲ, ತೋರಿಸಿಕೊಟ್ಟರೆ ಹುಟ್ಟಿದ ದಿನವೇ ಕಲಿಯಲು ಶುರುಮಾಡುತ್ತದೆ. ಇವನೇ ಕಳ್ಳ, ಮುಖ ನೋಡಿಟ್ಟುಕೋ ಎಂದು ತೋರಿಸುವುದು ನನ್ನ ಕೆಲಸ. ಗುರುವಾಗಿ ಹುಟ್ಟಿದೆನೆಂಬ ಜಂಬ ನನಗೆ ಸಾಕಷ್ಟಿತ್ತು.

ಆ ಜಂಬ ಇಳಿದದ್ದು ಯಾದಗಿರಿ ಕಡೆಯ ಬೇಸಿಗೆಯಲ್ಲಿ. ಹಳ್ಳಿಯ ಆಸ್ಪತ್ರೆಗೆ ನನ್ನನ್ನು ಡಬ್ಬಿಯಲ್ಲಿ ಒಯ್ದವನು ಬಸಲಿಂಗಪ್ಪ. ಫ್ರೀಜರಿನಿಂದ ತೆಗೆದ ಐಸ್ ಪ್ಯಾಕು ಬೆವರುವ ತನಕ ಕಾದು ಆಮೇಲೆ ಡಬ್ಬಿಗೆ ಇಡಬೇಕೆಂಬುದು ನಿಯಮ. ಅವನ ಕರುಳು ತಡೆಯಲಿಲ್ಲ.

"ಬಿಸಲು ಹೆಂಗ ಹೊಡೀಲಾಕತ್ತದ ನೋಡ್ರಿ. ಮಜ್ಜಿಗಿ ಇರಲಿ, ಮದ್ದಿರಲಿ, ತಂಪಿದ್ದಷ್ಟು ಛಲೋ" ಎಂದು ಕಲ್ಲಿನಂಥ ಐಸನ್ನು ನನ್ನ ಮೈಗೆ ಒತ್ತಿಟ್ಟ.

ಅತಿಯಾದರೆ ಅಮೃತವೂ ವಿಷ. ದಾರಿಯಲ್ಲಿ ನಾನು ಹೆಪ್ಪುಗಟ್ಟಿದೆ, ಲಸಿಕೆಯ ಕಸುವು ಸತ್ತಿತು. ಮತ್ತೆ ಕರಗಿ ನೀರಾದಾಗ ನೋಡುವವರಿಗೆ ಮೊದಲಿನಂತೆಯೇ ಕಂಡೆ.

ಮರುದಿನ ಕಸ್ತೂರೆವ್ವನಿಗೆ ಹೆಣ್ಣುಮಗು ಹುಟ್ಟಿತು. ತಾಯಿಯ ರಕ್ತದಲ್ಲಿ ಅದೇ ವೈರಸ್ಸಿತ್ತು. ಅವಳ ಅವ್ವ ಹೊಟ್ಟೆ ಊದಿಕೊಂಡು ಸತ್ತದ್ದೂ ಅದರಿಂದಲೇ. ಕಸ್ತೂರೆವ್ವ ಕೂಸನ್ನು ಮುಟ್ಟದೆ, ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ನನ್ನ ರೋಗ ಇದಕ್ಕೂ ಹತ್ತತದೇನ್ರಿ, ಅಕ್ಕೋರೆ?"

"ಹತ್ತಬಾರದಂತನೇ ಈ ಸೂಜಿ ಹಾಕೋದವ್ವ. ಹುಟ್ಟಿದ ದಿನಾನೇ ಹಾಕಿದ್ರ ಬಹಳ ಮಟ್ಟಿಗೆ ಪಾರಾಗ್ತದ" ಎಂದರು ನರ್ಸ್ ಸುಮಿತ್ರಾ.

ಅವರು ನನ್ನನ್ನು ಒಮ್ಮೆ ಅಲುಗಾಡಿಸಿ, ಸಿರಿಂಜಿಗೆ ಎಳೆದುಕೊಂಡರು. ಬಾಯಿದ್ದಿದ್ದರೆ ಕಿರುಚುತ್ತಿದ್ದೆ. ತೊಡೆಗೆ ಸೂಜಿ ಚುಚ್ಚಿದಾಗ ಕೂಸು ಅತ್ತಿತು. ಪಾಪ, ಕಲಿಯಲು ಸಿದ್ಧವಾಗಿತ್ತು ಅದರ ಮೈ. ಕಲಿಸುವ ಶಕ್ತಿ ನನ್ನಲ್ಲಿರಲಿಲ್ಲ. ಹೆರಿಗೆಯ ಹೊತ್ತಿಗೇ ಒಳಹೊಕ್ಕ ಕಳ್ಳ ಈಗ ಯಾರ ಅಡ್ಡಿಯೂ ಇಲ್ಲದೆ ಅದರ ಯಕೃತ್ತಿನಲ್ಲಿ ಮನೆ ಮಾಡುತ್ತಾನೆ.

ಕಸ್ತೂರೆವ್ವ ಎದ್ದು ಕೂತು ಮೊದಲ ಸಲ ಮಗಳನ್ನು ಎತ್ತಿಕೊಂಡಳು. ತಟ್ಟೆಯಲ್ಲಿದ್ದ ನನ್ನನ್ನು ಬೇಡಿ ತೆಗೆದುಕೊಂಡು ಎರಡೂ ಕಣ್ಣಿಗೆ ಒತ್ತಿಕೊಂಡಳು. ಅಂಥ ನಾಚಿಕೆ ಯಾವ ಗಾಜಿಗೂ ಬೇಡ.

"ಒಂದೂವರೆ ತಿಂಗಳಿಗೆ ಇನ್ನೊಂದು ಸೂಜಿ ಅದವ್ವ, ಮರೀಬ್ಯಾಡ."

"ಮರೀತೀನೇನ್ರಿ? ಒಂದೂ ತಪ್ಪಸಂಗಿಲ್ಲ."

ಈಗ ಆಸ್ಪತ್ರೆಯ ಹಿಂದಿನ ಗುಂಡಿಯಲ್ಲಿ ಒಡಕು ಗಾಜುಗಳ ನಡುವೆ ಬಿದ್ದಿದ್ದೇನೆ. ಅವಳು ತಪ್ಪಿಸುವವಳಲ್ಲ, ನನಗೆ ಗೊತ್ತು. ಎಲ್ಲ ಸೂಜಿಗೂ ಮಗಳನ್ನು ಎತ್ತಿಕೊಂಡು ಬರುತ್ತಾಳೆ. ತಡವಾಗಿ ಹೋಯಿತೆಂದು ಅವಳಿಗೆ ಹೇಳಬಲ್ಲವರು ಯಾರೂ ಇಲ್ಲ.