ದನ ದಾಟುವ ಜಾಗ

ಸಭೆಗೆ ಕಾರಿನಲ್ಲಿ ಹೋಗಬಹುದಿತ್ತು. ತಮ್ಮ ಆರಿನ್ ಬಾಗಿಲು ತೆಗೆದು ಕಾಯುತ್ತಲೂ ಇದ್ದ. ಆದರೆ ಆರ್ಡಿಸ್ ಸ್ಕಾರ್ ನಡೆದೇ ಹೋಗುತ್ತೇನೆ ಎಂದಳು, ಜಗಳಕ್ಕೆ ಕಾರಣವಾದ ಅದೇ ದಾರಿಯ ಮೇಲೆ.

ವಿಸ್ಕಾನ್ಸಿನ್ನಿನ ಆ ಗುಡ್ಡಗಳ ನಡುವೆ ಹಿಂದೆ ಹಾಲು ಸಾಗಿಸುವ ರೈಲು ಓಡುತ್ತಿತ್ತು. ರೈಲು ನಿಂತ ಮೇಲೆ ಹಳಿ ಕಿತ್ತರು. ಅಲ್ಲಿ ಡಾಂಬರು ಹಾಕಿ ನಡೆಯುವವರಿಗೂ ಸೈಕಲ್ಲಿನವರಿಗೂ ಬಿಡೋಣ ಎಂಬ ಮಾತು ಬಂದಾಗ ಸುತ್ತಲಿನ ರೈತರೆಲ್ಲ ಕೆಂಡವಾಗಿದ್ದರು. ರೈತರ ಪೈಕಿ ಪರವಾಗಿ ನಿಂತವಳು ಆರ್ಡಿಸ್ ಒಬ್ಬಳೇ. ಮನೆಮನೆಗೂ ಹೋಗಿ, ಅವರ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿದು, ಒಬ್ಬೊಬ್ಬರನ್ನೇ ಒಪ್ಪಿಸಿದ್ದಳು. ಪಕ್ಕದ ಹೊಲದ ರೂಬೆನ್ ಮಾತ್ರ, "ನೋಡ್ತಿರು, ನಾಳೆ ನಿನ್ನ ಹೊಲಕ್ಕೆ ಹೋಗೋಕೆ ನೀನೇ ಅವರ ಅಪ್ಪಣೆ ಕೇಳ್ತೀಯ" ಎಂದು ಚುಚ್ಚಿದ್ದ.

ದಾರಿ ಅವಳ ಹೊಲವನ್ನೇ ಎರಡು ಮಾಡಿತ್ತು. ಈಚೆ ಕೊಟ್ಟಿಗೆ, ಆಚೆ ಹುಲ್ಲುಗಾವಲು. ಹಾಲು ಕರೆದ ಮೇಲೆ ದನಗಳು ದಾಟಬೇಕು, ಸಂಜೆ ಮತ್ತೆ ಈಚೆ ಬರಬೇಕು. ರೈಲಿದ್ದಾಗಲೂ ಹಾಗೇ ನಡೆದಿತ್ತು. ದಾಟಿದ ಮೇಲೆ ಸಗಣಿ ಬಾಚಿ ನೀರು ಹೊಯ್ಯುತ್ತಿದ್ದವಳು ಅವಳೇ.

ಹೋದ ವಾರ ದನಗಳು ಅರ್ಧ ದಾಟಿದ್ದವು. ಇಳಿಜಾರಿನಿಂದ ಬಣ್ಣಬಣ್ಣದ ಬಿಗಿ ಬಟ್ಟೆಯ ಸೈಕಲ್ಲಿನವರ ಗುಂಪು ಬಂತು. ಆರ್ಡಿಸ್ ಕೈಯೆತ್ತಿದಳು. ಎಲ್ಲರೂ ನಿಂತರು, ಮುಂದಿದ್ದವನೊಬ್ಬ ನಿಲ್ಲಲಿಲ್ಲ. ಎರಡು ದನಗಳ ನಡುವಿನ ಸಂದಿಯಲ್ಲಿ ನುಗ್ಗಿಸಿದ. ಗಬ್ಬವಾಗಿದ್ದ ಕಡಸೊಂದು ಬೆದರಿ ಡಾಂಬರಿನ ಮೇಲೆ ಓಡಿತು, ಗೊರಸು ಜಾರಿತು, ಹಿಂಗಾಲೆರಡೂ ಅಗಲಿಸಿ ಕುಸಿಯಿತು. ಪಶುವೈದ್ಯರು ಬಂದು ನೋಡಿ, ಇದಿನ್ನು ಏಳುವುದಿಲ್ಲ ಎಂದು, ನೋವಿಲ್ಲದೆ ಸಾಯಲೆಂದು ಸೂಜಿ ಕೊಟ್ಟರು. ಆರ್ಡಿಸ್ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತಿದ್ದಳು.

ಆಮೇಲೆ ದೂರು ಕೊಟ್ಟವನು ನಿಲ್ಲದೆ ನುಗ್ಗಿದ ಆ ಸವಾರನೇ. ದಾರಿಯಲ್ಲಿ ಸಗಣಿ, ದನಗಳಿಂದ ಸವಾರರ ಜೀವಕ್ಕೆ ಅಪಾಯ, ದಾಟಿಸುವುದನ್ನು ನಿಲ್ಲಿಸಬೇಕು ಎಂದು. ಇವತ್ತಿನ ಸಭೆ ಅದಕ್ಕೇ.

ದಾರಿಯ ಎರಡೂ ಕಡೆ ಮೆಕ್ಕೆಜೋಳ ಎದೆಯುದ್ದ ಬೆಳೆದು ನಿಂತಿತ್ತು. ಗುಡ್ಡದ ಮೇಲೆ ಕೊಯ್ದ ಹುಲ್ಲಿನ ವಾಸನೆ. ಬೇರೆ ದಿನ ಆದರೆ ನಾಲ್ಕು ಕಡೆ ನಿಂತು ನೋಡುತ್ತಿದ್ದಳು. ಇವತ್ತು ಹೆಜ್ಜೆ ಹಾಕಿದಷ್ಟೂ ಸಿಟ್ಟು ಏರುತ್ತಿತ್ತು. ಹಿಂದಿನಿಂದ ಯಾರೋ ಗಂಟೆ ಬಾರಿಸಿ, ಎಡಗಡೆಯಿಂದ ಬರುತ್ತಿದ್ದೇನೆ ಎಂದು ಕೂಗಿದರು. ಅವಳು ಸರಿಯಲಿಲ್ಲ. ಬಂದವರು ಹುಲ್ಲಿಗಿಳಿದು ಸುತ್ತುಹಾಕಿಕೊಂಡು ಹೋದರು. ತನ್ನ ಹೊಲದಂಚಿನಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ ರೂಬೆನ್ ನೋಡುತ್ತಿದ್ದ. ಹಿಂದೆ ಅವನು ಚುಚ್ಚಿ ಆಡಿದ ಮಾತು ನೆನಪಾಗಿ ಆರ್ಡಿಸಳಿಗೆ ಕಿವಿ ಬಿಸಿಯಾಯಿತು.

ಹಳೆಯ ರೈಲು ನಿಲ್ದಾಣದಲ್ಲೇ ಸಭೆ. ದಾರಿ ನೋಡಿಕೊಳ್ಳುವ ಸಮಿತಿಯ ಅಧ್ಯಕ್ಷ ವೆಂಡೆಲ್ ಹಿಂದೆ ಅವಳ ಜೊತೆಗೇ ಮನೆಮನೆ ತಿರುಗಿದವನು. ಈಗ ಅವಳ ಮುಖ ನೋಡದೆ, ದನಗಳನ್ನು ಲಾರಿಯಲ್ಲಿ ಹೆದ್ದಾರಿ ಸುತ್ತಿಸಿ ಸಾಗಿಸಬಹುದಲ್ಲವೇ ಎಂದು ಮೆತ್ತಗೆ ಕೇಳಿದ.

ಆರ್ಡಿಸ್ ಎದ್ದು ನಿಂತಳು. "ವೆಂಡೆಲ್, ಈ ದಾರಿ ಬೇಕು ಅಂತ ಊರಿನವರ ಹತ್ತಿರ ಉಗಿಸಿಕೊಂಡೋಳು ನಾನು. ನಡೀಲಿ, ಓಡಾಡಲಿ ಅಂತ ಬಿಟ್ವಿ. ಈಗ ನನ್ನ ಹೊಲದಲ್ಲಿ ನನ್ನ ದನವೇ ಹೆಚ್ಚಾಯ್ತಾ?"

ಬ್ರೆಂಟ್ ಎಂಬ ಆ ಸವಾರನೂ ಬಂದಿದ್ದ. ಹಿಂದಿನ ಸಾಲಿನ ಹೆಂಗಸೊಬ್ಬಳು, ಉಳಿದವರೆಲ್ಲ ನಿಂತಾಗ ನೀವ್ಯಾಕೆ ನಿಲ್ಲಲಿಲ್ಲ ಎಂದು ಕೇಳಿದಳು.

"ಆವತ್ತು ಒಳ್ಳೆ ವೇಗ ಸಿಕ್ಕಿತ್ತು," ಅಂದ ಅವನು. "ನಿಂತಿದ್ರೆ ಎಲ್ಲ ಹಾಳಾಗ್ತಿತ್ತು."

ವೆಂಡೆಲ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ದನ ದಾಟುವಾಗ ಸವಾರರು ಇಳಿದು ಕಾಯಲೇಬೇಕು ಎಂದು ಕೈಯೆತ್ತಿ ತೀರ್ಮಾನವಾಯಿತು. ಬ್ರೆಂಟನೊಬ್ಬನೇ ಕೈಯೆತ್ತಲಿಲ್ಲ.

ಗೆದ್ದೆ ಎಂದು ಅವಳಿಗೆ ಅನ್ನಿಸಲಿಲ್ಲ. ಬಾಗಿಲಲ್ಲಿ ಅವನನ್ನು ತಡೆದು, "ಆ ಕಡಸು ಚೊಚ್ಚಲ ಗಬ್ಬ ಆಗಿತ್ತು ಕಣಪ್ಪ," ಅಂದಳು. ಅವನು ವಿಮೆ ಇರುತ್ತದಲ್ಲ ಎಂದು ಹೆಲ್ಮೆಟ್ ಕಟ್ಟಿಕೊಂಡ. ಅವನು ಹೊರಗೆ ಹೋಗುವವರೆಗೂ ಅವಳು ಅವನ ಮುಖವನ್ನೇ ನೋಡುತ್ತ ನಿಂತಳು.

ಮಾರನೆಯ ಬೆಳಿಗ್ಗೆ ದನಗಳು ಡಾಂಬರಿನ ಅಂಚಿಗೆ ಬಂದು ನಿಂತುಬಿಟ್ಟವು. ಕಡಸು ಬಿದ್ದಾಗಿನಿಂದ ಹಾಗೇ, ಮೂಸಿ ನೋಡಿ ಹಿಂದೆ ಸರಿಯುತ್ತಿದ್ದವು. ಗೊರಸು ಜಾರದಿರಲೆಂದು ಆರ್ಡಿಸ್ ಮರಳು ತಂದು ದಾಟುವ ಜಾಗದ ಉದ್ದಕ್ಕೂ ದಪ್ಪಗೆ ಹರಡಿದಳು. ಎರಡೂ ಕಡೆ ಸೈಕಲ್ಲುಗಳು ಸೇರಿದವು. ಎಲ್ಲರೂ ಇಳಿದು ನಿಂತಿದ್ದರು. ಒಬ್ಬ ಗಡಿಯಾರ ನೋಡಿಕೊಂಡು, ಇನ್ನೂ ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದ.

"ಅವಕ್ಕೆ ಧೈರ್ಯ ಬರೋವರೆಗೂ," ಎಂದಳು ಆರ್ಡಿಸ್. ಮುಂದಿನ ಹಸುವಿನ ಕತ್ತು ಸವರುತ್ತ, ಒಂದಿಷ್ಟೂ ಅವಸರ ಮಾಡದೆ ನಿಂತಳು.